ಹಳೆಯ ವ್ಯಾನಿನ ಸೀಟು: ರೆಕ್ಸಿನ್ ಕೊಳ್ಳುವ ಮೊದಲು ಬಿಚ್ಚಿ ನೋಡಿ

ಪ್ರಶ್ನೆ: ನಾನು ಗದಗ-ಬೆಟಗೇರಿಯ ನಿವೃತ್ತ ಶಿಕ್ಷಕಿ. ಪರಿಚಿತರೊಬ್ಬರಿಂದ 1999ರ ಬಜಾಜ್ ಟೆಂಪೋ ಟ್ರಾವೆಲರ್ ವ್ಯಾನ್ ಕೊಂಡಿದ್ದೇವೆ. ಹಿಂದಿನ ಮಾಲೀಕರು ಅದರಲ್ಲಿ ಪ್ಲೈವುಡ್ ಪೆಟ್ಟಿಗೆಯ ಮೇಲೆ ಉದ್ದನೆಯ ಸೀಟು ಮಾಡಿಸಿದ್ದಾರೆ; ರಾತ್ರಿ ಅದನ್ನೇ ಬಿಡಿಸಿ ಹಾಸಿಗೆ ಮಾಡಿಕೊಳ್ಳಬಹುದು. ಈಗ ರೆಕ್ಸಿನ್ ಬಿರಿದಿದೆ, ಕುಳಿತರೆ ಹಳದಿ ಪುಡಿ ಉದುರುತ್ತದೆ. ಮಳೆಗಾಲದಲ್ಲಿ ದಾಂಡೇಲಿಗೆ ಹೋಗಿ ಬಂದ ಮೇಲೆ ಮುಗ್ಗಲು ವಾಸನೆ ಬೇರೆ. ಗ್ಯಾರೇಜಿನವರು ಮೇಲಿಂದ ಸಿದ್ಧ ಕವರ್ ಹಾಕಿಬಿಡಿ ಎನ್ನುತ್ತಾರೆ. ಮಗನಿಗೆ ಲೆದರ್ ಬೇಕು. ನನಗೆ ನವಲಗುಂದದ ಜಮಖಾನೆ, ಅತ್ತೆಯವರು ಹೊಲಿದ ಕೌದಿ ಬಳಸುವ ಆಸೆ. ಮನೆಯ ಹೊಲಿಗೆ ಯಂತ್ರದಲ್ಲಿ ನಾನೇ ಹೊಲಿಯಬಹುದೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ:

ಅಕ್ಕಾವರೇ, ನೀವು ಬರೆದ ಎಲ್ಲ ವಿವರಗಳಲ್ಲಿ ಆ ಹಳದಿ ಪುಡಿಯೇ ಮುಖ್ಯ. ನಮ್ಮ ಕಡೆಯ ರಸ್ತೆಗಳ ಧೂಳು ನೋಡಿದವರು ಅದನ್ನೂ ಧೂಳೆಂದೇ ತಿಳಿದು ಝಾಡಿಸಿ ಸುಮ್ಮನಾಗುತ್ತಾರೆ. ಆದರೆ ಅದು ನಿಮ್ಮ ಸೀಟಿನ ಫೋಮ್. ಪಾಲಿಯುರೆಥೇನ್ ಫೋಮಿಗೆ ಕಾವು, ತೇವ, ಗಾಳಿ ಮೂರೂ ಆಗಿಬರುವುದಿಲ್ಲ. ಏಪ್ರಿಲ್-ಮೇ ಬಿಸಿಲಿನಲ್ಲಿ ಬಾಗಿಲು ಮುಚ್ಚಿ ನಿಂತ ವ್ಯಾನಿನೊಳಗೆ ವರ್ಷಗಟ್ಟಲೆ ಬೆಂದು, ಮಳೆಗಾಲದಲ್ಲಿ ತೇವ ಹೀರಿ, ಅದರ ಸಣ್ಣ ಗೂಡುಗಳ ಗೋಡೆಗಳು ಒಡೆದು ಪುಡಿಯಾಗಿವೆ. ಈ ಹಂತಕ್ಕೆ ಬಂದ ಫೋಮನ್ನು ಯಾವ ಕವರೂ ಎತ್ತಿ ನಿಲ್ಲಿಸಲಾರದು. ಸಿದ್ಧ ಕವರ್ ಹಾಕಿದರೆ ಪುಡಿ ಒಳಗೇ ಸೇರಿ, ಕವರ್ ಸಡಿಲವಾಗಿ, ನೆರಿಗೆ ಬಿದ್ದು, ಆರು ತಿಂಗಳಲ್ಲಿ ಮತ್ತೆ ಇದೇ ಪ್ರಶ್ನೆ ಏಳುತ್ತದೆ. ಗ್ಯಾರೇಜಿನವರ ಸಲಹೆಯನ್ನು ಪಕ್ಕಕ್ಕಿಡಿ.

ಮಗನಿಗೂ ಒಂದು ಮಾತು ಹೇಳಿ: ಕೈಯಲ್ಲಿರುವ ಹಣದ ದೊಡ್ಡ ಪಾಲು ಫೋಮಿಗೆ ಮತ್ತು ಅದರ ಕೆಳಗಿನ ಚೌಕಟ್ಟಿಗೆ ಹೋಗಲಿ, ಉಳಿದದ್ದು ಹೊದಿಕೆಗೆ. ನನ್ನ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಇದನ್ನು ತಿರುಗಿಸಿಕೊಂಡು ಬರುತ್ತಾರೆ. ಬಣ್ಣ, ಹೊಲಿಗೆಯ ವಿನ್ಯಾಸ ಎಲ್ಲ ತೀರ್ಮಾನಿಸಿರುತ್ತಾರೆ, ಒಳಗೆ ಏನು ಹಾಕಬೇಕೆಂದು ಕೇಳಿದರೆ ‘ಯಾವುದಾದರೂ ಹಾಕಿ’ ಎನ್ನುತ್ತಾರೆ. ಕಣ್ಣಿಗೆ ಕಾಣದ ಆ ನಾಲ್ಕು ಇಂಚಿನ ಮೇಲೆಯೇ ನಿಮ್ಮ ಬೆನ್ನು ಹುಬ್ಬಳ್ಳಿಯಿಂದ ಕಾರವಾರದವರೆಗೆ ಕುಳಿತಿರುತ್ತದೆ.

ಆದ್ದರಿಂದ ಮೊದಲು ಬಿಚ್ಚಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಪ್ರತಿ ಸೀಟಿನ ನಾಲ್ಕೂ ಬದಿಯ, ಮುಖ್ಯವಾಗಿ ಅಡಿಭಾಗದ ಚಿತ್ರ ತೆಗೆದಿಡಿ. ಹೊದಿಕೆಯನ್ನು ಕೆಳಗಿನ ತಂತಿಗೆ ಬಿಗಿದಿರುವ ಬಳೆಯಾಕಾರದ ಕ್ಲಿಪ್ಪುಗಳನ್ನು ಇಕ್ಕಳದಿಂದ ಕತ್ತರಿಸಿ ತೆಗೆಯಿರಿ. ಅವು ಮತ್ತೆ ಉಪಯೋಗಕ್ಕೆ ಬರುವುದಿಲ್ಲ. ಆದರೆ ಹೊದಿಕೆಯ ಒಳಗಿನ ಬಟ್ಟೆಯ ಪಟ್ಟಿಯಲ್ಲಿ ಉದ್ದಕ್ಕೆ ಒಂದು ತಂತಿ ಪೋಣಿಸಿರುತ್ತದೆ. ಸೀಟಿನ ನಡುವಿನ ಗೆರೆ ಒಳಕ್ಕೆ ಎಳೆದಂತೆ ಕಾಣುವುದು ಆ ತಂತಿಯಿಂದಲೇ. ಅದನ್ನು ಎಸೆಯಬೇಡಿ, ತುಕ್ಕು ಒರೆಸಿ ಹೊಸ ಹೊದಿಕೆಗೆ ಅದನ್ನೇ ಹಾಕಬಹುದು.

ಹರಿದುಹೋದ ಹಳೆಯ ಹೊದಿಕೆಯನ್ನೂ ಕಸಕ್ಕೆ ಹಾಕಬೇಡಿ. ಹೊಸದಕ್ಕೆ ಅದಕ್ಕಿಂತ ಒಳ್ಳೆಯ ಅಳತೆ ಬೇರೆ ಇಲ್ಲ. ಅದರ ಹೊಲಿಗೆ ಬಿಚ್ಚುವ ಮೊದಲು ಒಂದು ಕೆಲಸ ಮಾಡಿ: ಪ್ರತಿ ಹೊಲಿಗೆಯ ಗೆರೆಗೆ ಅಡ್ಡಲಾಗಿ, ಸುಮಾರು ಹತ್ತು ಸೆಂಟಿಮೀಟರಿಗೊಂದರಂತೆ, ಎರಡೂ ತುಂಡುಗಳ ಮೇಲೆ ಹಾಯುವ ಹಾಗೆ ಪೆನ್ನಿನಿಂದ ಗೀಟು ಎಳೆಯಿರಿ. ಪ್ರತಿ ತುಂಡಿನ ಮೇಲೆ ‘ಎಡ’, ‘ಬಲ’, ‘ಮುಂದೆ’ ಎಂದು ಬರೆದು, ಮುಂಭಾಗದ ಕಡೆಗೆ ಬಾಣದ ಗುರುತು ಹಾಕಿ. ಹೊಸ ತುಂಡುಗಳಿಗೂ ಈ ಗೀಟುಗಳನ್ನು ಇಳಿಸಿಕೊಂಡರೆ, ಹೊಲಿಯುವಾಗ ಗೀಟಿಗೆ ಗೀಟು ಕೂಡಿಸುತ್ತಾ ಹೋಗುವುದಷ್ಟೇ ಕೆಲಸ. ಮೂಲೆಯ ತಿರುವಿನಲ್ಲಿ ಒಂದು ತುಂಡು ಉದ್ದ, ಇನ್ನೊಂದು ಗಿಡ್ಡ ಎಂದು ಪರದಾಡುವ ಪ್ರಸಂಗವೇ ಬರುವುದಿಲ್ಲ. ಒಂದು ಎಚ್ಚರ: ಕುಳಿತು ಕುಳಿತು ಹಳೆಯ ಹೊದಿಕೆಯ ನಡುಭಾಗ ಹಿಗ್ಗಿರುತ್ತದೆ. ಅದನ್ನು ಹಾಗೆಯೇ ಇಳಿಸಿಕೊಂಡರೆ ಹೊಸ ಸೀಟು ಮೊದಲ ದಿನವೇ ಜೋತು ಬೀಳುತ್ತದೆ. ಅಂಚುಗಳ ಅಳತೆಯನ್ನು ನಂಬಿ, ನಡುಭಾಗವನ್ನು ಅದಕ್ಕೆ ಹೊಂದಿಸಿ ನೇರ ಮಾಡಿಕೊಳ್ಳಿ.

ಹೊದಿಕೆ ತೆಗೆದ ಮೇಲೆ ಚೌಕಟ್ಟು ಕಾಣುತ್ತದೆ. ಮುಂದಿನ ಸೀಟುಗಳಲ್ಲಿ ಕಬ್ಬಿಣದ ಕೊಳವೆ, ಅದರ ಮೇಲೆ ಹಾವಿನ ನಡೆಯಂತೆ ಬಾಗಿದ ಸ್ಪ್ರಿಂಗುಗಳು ಅಥವಾ ತಂತಿಯ ಜಾಳಿಗೆ, ಅದರ ಮೇಲೆ ಗೋಣಿತಟ್ಟು ಇರಬಹುದು. ಆ ಗೋಣಿತಟ್ಟು ಹರಿದರೆ ಸ್ಪ್ರಿಂಗ್ ಫೋಮನ್ನು ಕೆಳಗಿನಿಂದ ಕೊರೆಯುತ್ತದೆ. ಎಷ್ಟೋ ಸೀಟುಗಳು ಕುಸಿಯುವುದಕ್ಕೆ ಇದೇ ಕಾರಣ. ಸ್ಪ್ರಿಂಗಿನ ತುದಿಯ ಕೊಂಡಿ, ಬೆನ್ನು ಹಿಂದಕ್ಕೆ ಬಾಗುವ ಕೀಲಿನ ಹತ್ತಿರದ ಬೆಸುಗೆ, ಈ ಎರಡು ಕಡೆ ಬೆಳಕು ಬಿಟ್ಟು ನೋಡಿ. ಬಿರುಕು ಅಲ್ಲಿಯೇ ಹುಟ್ಟುತ್ತದೆ. ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಪ್ರೈಮರ್ ಬಳಿದು, ಪೂರ್ತಿ ಒಣಗಲು ಬಿಡಿ. ಬೆಸುಗೆ ಬೇಕಾದರೆ ಚೌಕಟ್ಟನ್ನು ವ್ಯಾನಿನಿಂದ ಹೊರಗೆ ತಂದು, ಫೋಮಿನ ಒಂದು ತುಣುಕೂ ಉಳಿಯದಂತೆ ಕಿತ್ತು, ಆಮೇಲೆ ವೆಲ್ಡಿಂಗ್ ಅಂಗಡಿಗೆ ಕಳುಹಿಸಿ. ಈ ಫೋಮ್ ಹೊತ್ತಿಕೊಂಡರೆ ಬೆಂಕಿ ಬಹಳ ಬೇಗ ಹರಡುತ್ತದೆ, ಅದರ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್‌ನಂಥ ವಿಷಾನಿಲ ಇರುತ್ತದೆ. ಇದರಲ್ಲಿ ಉದಾಸೀನ ಸಲ್ಲದು.

ಸೀಟಿನ ಬೋಲ್ಟುಗಳನ್ನೂ ಸೀಟ್ ಬೆಲ್ಟಿನ ಬೋಲ್ಟುಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ, ಹೆಸರು ಬರೆದಿಡಿ. ಅವು ವಿಶೇಷ ಗಟ್ಟಿ ಉಕ್ಕಿನವು. ಒಂದು ಕಳೆದುಹೋಯಿತೆಂದು ಹಾರ್ಡ್‌ವೇರ್ ಅಂಗಡಿಯಿಂದ ಅದೇ ದಪ್ಪದ ಸಾಧಾರಣ ಬೋಲ್ಟ್ ತಂದು ಹಾಕಬಾರದು.

ಈಗ ಫೋಮಿಗೆ ಬರೋಣ. ಅಂಗಡಿಯಲ್ಲಿ ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎಂಬ ಮಾತು ಕೇಳುತ್ತೀರಿ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದು ಆ ಸಂಖ್ಯೆ. ಅದು ಬಾಳಿಕೆಯ ಲೆಕ್ಕ. ಮೆತ್ತಗೋ ಗಟ್ಟಿಯೋ ಎಂಬುದು ಬೇರೆ. ಒಂದೇ ಡೆನ್ಸಿಟಿಯಲ್ಲಿ ಎರಡೂ ಸಿಗುತ್ತವೆ. ಹಾಗಾಗಿ ಕೈಯಿಂದ ಒತ್ತಿ ನೋಡಿ ‘ಗಟ್ಟಿ ಇದೆ, ಒಳ್ಳೆಯದು’ ಎಂದು ತೀರ್ಮಾನಿಸುವುದು ಸರಿಯಲ್ಲ. ಅಂಗಡಿಯವರ ಮಾತನ್ನು ನೀವೇ ಪರೀಕ್ಷಿಸಬಹುದು. ಹತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲ, ಹತ್ತು ಎತ್ತರದ ತುಂಡನ್ನು ಕತ್ತರಿಸಿಕೊಡಲು ಹೇಳಿ. ಅದರ ಗಾತ್ರ ಸರಿಯಾಗಿ ಒಂದು ಲೀಟರ್. ನಿಜವಾಗಿ 40 ಡೆನ್ಸಿಟಿಯಾಗಿದ್ದರೆ ಆ ತುಂಡು 40 ಗ್ರಾಂ ತೂಗಬೇಕು. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. 28 ಗ್ರಾಂ ತೋರಿಸಿದರೆ ಮುಂದಿನ ಅಂಗಡಿಗೆ ಹೋಗಿ. ಸುಣ್ಣದ ಪುಡಿಯಂಥದನ್ನು ಬೆರೆಸಿ ತೂಕ ಹೆಚ್ಚಿಸಿದ ಫೋಮೂ ಇರುವುದರಿಂದ ಇನ್ನೊಂದು ಪರೀಕ್ಷೆ ಮಾಡಿ. ಆ ತುಂಡನ್ನು ಅರ್ಧ ದಪ್ಪಕ್ಕೆ ಕುಗ್ಗುವಂತೆ ರಾತ್ರಿಯೆಲ್ಲಾ ಭಾರದ ಕಲ್ಲಿನ ಕೆಳಗೆ ಇಟ್ಟು, ಬೆಳಿಗ್ಗೆ ತೆಗೆದು ನೋಡಿ. ಒಳ್ಳೆಯದಾದರೆ ಸ್ವಲ್ಪ ಹೊತ್ತಿನಲ್ಲಿ ಹೆಚ್ಚುಕಡಿಮೆ ಮೊದಲಿನ ಎತ್ತರಕ್ಕೆ ಬರುತ್ತದೆ. ಕುಗ್ಗಿಯೇ ಉಳಿದರೆ ಸೀಟಿನಲ್ಲೂ ಹಾಗೆಯೇ ಉಳಿಯುತ್ತದೆ.

ನಿಮ್ಮದು ಹಗಲು ಕೂರುವ, ರಾತ್ರಿ ಮಲಗುವ ಸೀಟು. ಎರಡಕ್ಕೂ ಒಂದೇ ಪದರ ಒಗ್ಗುವುದಿಲ್ಲ. ಕೂತಾಗ ಭಾರವೆಲ್ಲ ಒಂದೇ ಕಡೆ ಬೀಳುವುದರಿಂದ ಕೆಳಗೆ ಗಟ್ಟಿ ಬೇಕು, ಮಲಗಿದಾಗ ಭುಜಕ್ಕೂ ಸೊಂಟಕ್ಕೂ ಮೇಲೆ ಮೃದು ಬೇಕು. ನಾನು ಹಾಕುವುದು ಹೀಗೆ: ಅಡಿಯಲ್ಲಿ ಒಂದು ಇಂಚು ರೀಬಾಂಡೆಡ್ ಫೋಮ್, ಅಂದರೆ ಫೋಮಿನ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ್ದು, ಅದರ ಮೇಲೆ ಮೂರು ಇಂಚು 40 ಡೆನ್ಸಿಟಿ, ಮೇಲೆ ಒಂದು ಇಂಚು ಮೃದುವಾದ 32 ಡೆನ್ಸಿಟಿ. ಒಟ್ಟು ಐದು ಇಂಚು. ಹಳೆಯ ಗಾದಿ ಮೂರೇ ಇಂಚು ಇದ್ದರೆ ಸೀಟು ಎರಡು ಇಂಚು ಎತ್ತರವಾಗುತ್ತದೆ ಎಂಬುದನ್ನು ಮರೆಯಬೇಡಿ. ಕುಳಿತಾಗ ಪಾದ ನೆಲ ಮುಟ್ಟುತ್ತದೆಯೇ, ತಲೆ ಮೇಲಿನ ಕಪಾಟಿಗೆ ತಾಗುತ್ತದೆಯೇ ಎಂದು ಮೊದಲೇ ಅಳೆಯಿರಿ. ಬೇಕಾದರೆ ಪ್ಲೈವುಡ್ ಪೆಟ್ಟಿಗೆಯನ್ನೇ ತಗ್ಗಿಸಬೇಕಾಗುತ್ತದೆ. ಫೋಮನ್ನು ಹೊದಿಕೆಯ ಅಳತೆಗಿಂತ ಎಲ್ಲ ಬದಿಗೂ ಐದಾರು ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿ, ಅದರ ಸುತ್ತ ತೆಳುವಾದ ಪಾಲಿಯೆಸ್ಟರ್ ವ್ಯಾಡಿಂಗ್, ಅಂದರೆ ಹತ್ತಿಯಂತೆ ಮೃದುವಾದ ಹಾಳೆ, ಸುತ್ತಿದರೆ ಹೊದಿಕೆ ಬಿಗಿಯಾಗಿ ಕೂರುತ್ತದೆ, ಮೂಲೆಗಳು ತುಂಬಿ ಬರುತ್ತವೆ.

ಹತ್ತಿಯ ಗಾದಿಯನ್ನೇ ಹಾಕಬಹುದಲ್ಲ ಎಂದು ನಮ್ಮ ಭಾಗದಲ್ಲಿ ಅನೇಕರು ಕೇಳುತ್ತಾರೆ. ಹತ್ತಿ ಬೆಳೆಯುವ ಸೀಮೆ ನಮ್ಮದು, ಮನೆಗೆ ಹತ್ತಿ ಗಾದಿಗಿಂತ ಒಳ್ಳೆಯದಿಲ್ಲ. ವ್ಯಾನಿನಲ್ಲಿ ಮಾತ್ರ ಅದು ರಸ್ತೆಯ ಕುಲುಕಾಟಕ್ಕೆ ಗಂಟುಗಟ್ಟಿ ಒಂದು ಕಡೆ ಸೇರುತ್ತದೆ, ತೇವ ಹಿಡಿದರೆ ಬೇಗ ಬಿಡುವುದಿಲ್ಲ. ರಾತ್ರಿ ಹಾಸಿ ಬೆಳಿಗ್ಗೆ ಸುತ್ತಿಡುವ ತೆಳು ಗಾದಿಯಾಗಿ ಒಯ್ಯಿರಿ, ಸೀಟಿನೊಳಗೆ ತುಂಬಬೇಡಿ.

ಮುಗ್ಗಲು ವಾಸನೆಯ ಮೂಲ ಬಹುತೇಕ ಗಾದಿಯ ಕೆಳಗಿರುತ್ತದೆ. ಮಲಗಿದವರ ಮೈಯಿಂದ ಹೊರಟ ಬೆಚ್ಚಗಿನ ತೇವ ಗಾದಿಯನ್ನು ಹಾದು, ತಣ್ಣಗಿನ ಪ್ಲೈವುಡ್ಡಿಗೆ ತಾಗಿ ನೀರಾಗುತ್ತದೆ. ಅದಕ್ಕೆ ಹೊರಹೋಗಲು ದಾರಿ ಇಲ್ಲದಿದ್ದರೆ ಬೂಷ್ಟು ಕಟ್ಟುತ್ತದೆ. ದಾಂಡೇಲಿಯ ಮಳೆಯಲ್ಲಿ, ಕರಾವಳಿಯ ಹವೆಯಲ್ಲಿ ಇದು ಇನ್ನೂ ಜಾಸ್ತಿ. ಹಳೆಯ ಹಲಗೆ ಪದರ ಬಿಟ್ಟಿದ್ದರೆ ಬದಲಿಸಿ; ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ಕೇಳಿ ತನ್ನಿ. ಹಲಗೆಯ ತುಂಬ ಒಂದು ಇಂಚಿನ ರಂಧ್ರಗಳನ್ನು ಗೇಣಿಗೊಂದರಂತೆ ಕೊರೆಸಿ, ಅಂಚುಗಳಿಗೂ ರಂಧ್ರಗಳ ಒಳಮೈಗೂ ವಾರ್ನಿಶ್ ಹಚ್ಚಿಸಿ. ಗಾದಿಯ ತಳಭಾಗಕ್ಕೆ ರೆಕ್ಸಿನ್ ಹಾಕಿಸಲೇಬೇಡಿ; ಅಲ್ಲಿ ಗಾಳಿಯಾಡುವ ಜಾಳು ಬಟ್ಟೆ ಇರಲಿ. ಈ ಒಂದು ಬದಲಾವಣೆಗೆ ಖರ್ಚು ಕಡಿಮೆ, ಸಿಗುವ ಫಲ ದೊಡ್ಡದು.

ಇನ್ನು ಹೊದಿಕೆ. ಮಗ ಕೇಳುವ ಅಸಲಿ ಲೆದರ್ ನಿಮ್ಮ ವ್ಯಾನಿಗೆ ಬೇಡವೆಂದೇ ನನ್ನ ಅಭಿಪ್ರಾಯ. ಅದು ಆಗಾಗ ಎಣ್ಣೆ, ಆರೈಕೆ ಬೇಡುತ್ತದೆ, ಬಿಸಿಲಿಗೆ ಒಣಗುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ‘ಲೆದರ್’ ಎಂದು ಮಾರುವ ಬಹಳಷ್ಟು ವಸ್ತು ರೆಕ್ಸಿನ್ ಜಾತಿಯದೇ. ರೆಕ್ಸಿನ್ ಎಂದರೆ ಬಟ್ಟೆಯ ಮೇಲೆ ಪಿವಿಸಿ ಲೇಪ. ಅದನ್ನು ಮೆತ್ತಗಿಡುವ ರಾಸಾಯನಿಕ ಕಾವಿಗೆ ಮೆಲ್ಲಗೆ ಹೊರಟುಹೋದಂತೆ ಅದು ಗಡುಸಾಗಿ ಬಿರಿಯುತ್ತದೆ. ನಿಮ್ಮ ಸೀಟಿಗೆ ಆದದ್ದು ಇದೇ. ಒರೆಸಲು ಸುಲಭ, ನೀರು ಇಳಿಯುವುದಿಲ್ಲ, ನಿಜ. ಬೇಸಿಗೆಯಲ್ಲಿ ಬೆನ್ನಿಗೆ ಅಂಟುತ್ತದೆ ಎಂಬುದೂ ನಿಜ. ನಿಮಗೆ ನಾನು ಹೇಳುವುದು ಮಿಶ್ರ ಹೊದಿಕೆ: ಮೈ ತಾಗುವ ನಡುಭಾಗಕ್ಕೆ ಒತ್ತಾದ ನೇಯ್ಗೆಯ ಪಾಲಿಯೆಸ್ಟರ್ ಸೀಟು ಬಟ್ಟೆ, ಕಾಲು ತಾಗುವ, ಚಪ್ಪಲಿ ಉಜ್ಜುವ ಬದಿಗಳಿಗೆ ಮತ್ತು ಮುಂದಿನ ಅಂಚಿಗೆ ಹೆಣೆದ ಬಟ್ಟೆಯ ಬೆನ್ನಿರುವ, ಸುಮಾರು ಒಂದು ಮಿಲಿಮೀಟರ್ ದಪ್ಪದ ರೆಕ್ಸಿನ್. ತಿಳಿ ಬಣ್ಣ ಆರಿಸಿ. ಕಪ್ಪು ಸೀಟು ಮಧ್ಯಾಹ್ನ ಕೂರಲು ಬಿಡುವುದಿಲ್ಲ. ಮಣ್ಣಿನ ಬಣ್ಣವಾದರೆ ನಮ್ಮ ಧೂಳು ಕೂಡ ಎದ್ದು ಕಾಣುವುದಿಲ್ಲ.

ಸೀಟು ಬಟ್ಟೆ, ರೆಕ್ಸಿನ್ ಎರಡೂ ಸಾಮಾನ್ಯವಾಗಿ 54 ಇಂಚು ಅಗಲದಲ್ಲಿ ಬರುತ್ತವೆ. ಕೊಳ್ಳುವಾಗ ವಾಹನದ ಒಳಭಾಗದ ವಸ್ತುಗಳ ಬೆಂಕಿ ನಿರೋಧಕ್ಕೆ ಇರುವ ಐಎಸ್ 15061 ಮಾನಕಕ್ಕೆ ಹೊಂದುವುದೇ ಎಂದು ಕೇಳಿ. ವಾಹನದ ಸೀಟಿಗೆಂದೇ ತಯಾರಾದದ್ದನ್ನು ಕೊಳ್ಳಿ, ಸೋಫಾ ಬಟ್ಟೆ ಬೇಡ. ವ್ಯಾನಿನೊಳಗೆ ಗ್ಯಾಸ್ ಒಲೆ ಇಟ್ಟು ಚಹಾ ಮಾಡುವವರಾದರೆ ಇದು ಇನ್ನೂ ಮುಖ್ಯ.

ಜಮಖಾನೆ, ಕೌದಿಯ ವಿಷಯ ಓದಿ ಸಂತೋಷವಾಯಿತು. ಆದರೆ ದಯವಿಟ್ಟು ಜಮಖಾನೆಗೆ ಕತ್ತರಿ ಹಾಕಬೇಡಿ. ನವಲಗುಂದದ ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ಒಂದೊಂದೇ ಎಳೆ ಕೂಡಿಸಿ ನೇಯ್ದದ್ದು ಅದು; ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಸುಬು. ಕತ್ತರಿಸಿದ ಕ್ಷಣದಿಂದ ಅಂಚಿನ ಎಳೆಗಳು ಬಿಚ್ಚತೊಡಗುತ್ತವೆ. ಅದರ ದಪ್ಪವನ್ನು ಮಡಿಸಿ ಹೊಲಿದರೆ ಸೀಟಿನ ಅಂಚು ಉಬ್ಬುತ್ತದೆ. ಇಡಿಯಾಗಿಯೇ ಸೀಟಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ಲಾಡಿ ಹೊಲಿದು ಕೆಳಗೆ ಕಟ್ಟಿ. ಹಗಲಿನ ಅಲಂಕಾರಕ್ಕೂ ಆಯಿತು, ಕೊಳೆಯಾದರೆ ಬಿಚ್ಚಿ ಝಾಡಿಸಿ ಬಿಸಿಲಿಗೆ ಹಾಕಲೂ ಆಯಿತು. ಕೌದಿಯಂತೂ ಹಾಸಿಗೆಯ ಮೇಲ್ಪದರಕ್ಕೆ ಹೇಳಿ ಮಾಡಿಸಿದ್ದು. ಹಳೆಯ ಸೀರೆಗಳ ಪದರಗಳು ಬೆವರು ಹೀರುತ್ತವೆ, ಬೇಗ ಒಣಗುತ್ತವೆ. ಅತ್ತೆಯವರ ಹೊಲಿಗೆಯನ್ನು ಮುಟ್ಟದೆ, ತಳಬದಿಯ ಮೂಲೆಗಳಿಗೆ ಅಗಲವಾದ ಇಲಾಸ್ಟಿಕ್ ಪಟ್ಟಿ ಕೈಹೊಲಿಗೆಯಲ್ಲಿ ಸೇರಿಸಿದರೆ ಜಾರುವುದಿಲ್ಲ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ತಂದು ಕಿಟಕಿಗೆ ಪರದೆ ಮಾಡಿಕೊಳ್ಳಿ. ಕತ್ತರಿಸುವ ಮೊದಲು ಒಮ್ಮೆ ನೆನೆಸಿ ಒಣಗಿಸಿ, ಏಕೆಂದರೆ ಅದು ಕುಗ್ಗುತ್ತದೆ. ಖಾದಿಯನ್ನು ಸೀಟಿಗೆ ಹೊಲಿದರೆ ಹೊಲಿಗೆಯ ಪಕ್ಕದಲ್ಲಿ ಎಳೆಗಳು ಸರಿದು ಬಾಯಿ ಬಿಡುತ್ತವೆ.

ಮನೆಯ ಯಂತ್ರದಲ್ಲಿ ಹೊಲಿಯಬಹುದೇ ಎಂದಿರಿ. ಪರದೆ, ಲಾಡಿ, ವ್ಯಾಡಿಂಗ್ ಮೇಲಿನ ಒಳ ಕವರ್ ಎಲ್ಲ ನೀವೇ ಹೊಲಿಯಿರಿ. ರೆಕ್ಸಿನ್ನಿನ ಎರಡು ಪದರವನ್ನೂ ಹಳೆಯ ಕಬ್ಬಿಣದ ಯಂತ್ರ ಕಷ್ಟಪಟ್ಟು ದಾಟಿಸೀತು. ಆದರೆ ಪೈಪಿಂಗ್, ಅಂದರೆ ಅಂಚಿನುದ್ದಕ್ಕೂ ಹೊಲಿಯುವ ದುಂಡು ಪಟ್ಟಿ, ಸೇರಿ ನಾಲ್ಕು ಪದರವಾದ ಕಡೆ ಸೂಜಿ ಮುರಿಯುತ್ತದೆ, ಮೇಲಿನ ಪದರ ಹಿಂದುಳಿದು ಗೀಟುಗಳು ತಪ್ಪುತ್ತವೆ. ಅದಕ್ಕೆ ಮೇಲೂ ಕೆಳಗೂ ಒಟ್ಟಿಗೆ ಎಳೆಯುವ ವಾಕಿಂಗ್ ಫುಟ್ ಯಂತ್ರವೇ ಬೇಕು. ಕುಶನ್ ಅಂಗಡಿಯವರಿಗೆ ಕೊಟ್ಟರೂ ಎರಡು ವಿಷಯ ನೀವೇ ಹೇಳಿ. ದಾರ ಪಾಲಿಯೆಸ್ಟರಿನದಾಗಿರಲಿ, ಹತ್ತಿ ದಾರ ಕೊಳೆಯುತ್ತದೆ, ನೈಲಾನ್ ಗಟ್ಟಿಯಾದರೂ ಬಿಸಿಲಿಗೆ ಬೇಗ ಸೋಲುತ್ತದೆ. ಹೊಲಿಗೆ ಒಂದು ಇಂಚಿಗೆ ಆರಕ್ಕಿಂತ ಹೆಚ್ಚು ಬೇಡ. ಒತ್ತಾಗಿ ಹೊಲಿದರೆ ಭದ್ರ ಎಂಬ ನಂಬಿಕೆ ಬಟ್ಟೆಗೆ ಸರಿ. ರೆಕ್ಸಿನ್ನಿಗೆ ಹಾಗೆ ಮಾಡಿದರೆ ಸಾಲು ತೂತುಗಳು ಬಿದ್ದು ಅಂಚೆ ಚೀಟಿಯ ಅಂಚಿನಂತೆ ಅಲ್ಲಿಯೇ ಹರಿಯುತ್ತದೆ.

ಹಾಸಿಗೆಯಾಗುವ ಸೀಟಿಗೆ ಇನ್ನೊಂದು ಸೂಕ್ಷ್ಮವಿದೆ. ಎರಡು ಗಾದಿಗಳು ಕೂಡುವ ಅಂಚಿಗೆ ಪೈಪಿಂಗ್ ಬೇಡ. ಹಗಲು ಚೆಂದ ಕಾಣುವ ಆ ದುಂಡು ಗೆರೆ ರಾತ್ರಿಯೆಲ್ಲಾ ಪಕ್ಕೆಲುಬಿಗೆ ಒತ್ತುತ್ತದೆ. ಹೊರಗೆ ಕಾಣುವ ಮುಂದಿನ ಅಂಚಿಗೆ ಮಾತ್ರ ಹಾಕಿಸಿ. ಜಿಪ್ಪು ಹಿಂಬದಿಯ ಉದ್ದಕ್ಕೂ ಇರಲಿ, ಎರಡೂ ಮೂಲೆ ದಾಟಿ ಪಕ್ಕಕ್ಕೆ ಒಂದು ಗೇಣು ಬರಲಿ. ಇಲ್ಲದಿದ್ದರೆ ಐದು ಇಂಚಿನ ಫೋಮ್ ಒಳಗೆ ತೂರಿಸುವಾಗ ಜಿಪ್ಪೇ ಕಿತ್ತುಬರುತ್ತದೆ. ಹೊದಿಕೆ ಹಾಕುವ ದಿನ ಅದನ್ನು ಅರ್ಧ ಗಂಟೆ ಬಿಸಿಲಿಗೆ ಹರಡಿಡಿ. ರೆಕ್ಸಿನ್ ಮೆತ್ತಗಾಗಿ ಎಳೆದತ್ತ ಬರುತ್ತದೆ, ತಣಿದ ಮೇಲೆ ಬಿಗಿಯುತ್ತದೆ.

ಚಾಲಕನ ಸೀಟನ್ನು ಮಾತ್ರ ಪೂರ್ತಿಯಾಗಿ ಅನುಭವಸ್ಥರಿಗೇ ಬಿಡಿ. ಅದರ ಎತ್ತರ, ಓರೆ ಒಂದಿಷ್ಟು ಬದಲಾದರೂ ಕನ್ನಡಿಯ ನೋಟ, ಪೆಡಲಿಗೆ ಕಾಲು ಎಟಕುವುದು ಎಲ್ಲ ಬದಲಾಗುತ್ತದೆ. ಹುಬ್ಬಳ್ಳಿಯಲ್ಲಿ ಬಸ್ಸು, ಲಾರಿ, ಟಂಟಂ ಸೀಟು ಹೊಲಿಯುವ ಕುಶನ್ ಅಂಗಡಿಗಳಿಗೆ ಕೊರತೆಯಿಲ್ಲ. ಅವರು ಮುಗಿಸಿಟ್ಟ ಒಂದು ಕವರನ್ನು ಒಳಮೈ ಹೊರಗೆ ಮಾಡಿ ತೋರಿಸಲು ಕೇಳಿ. ಹೊಲಿಗೆಯಾಚೆ ಬಟ್ಟೆ ಎಲ್ಲ ಕಡೆ ಒಂದೇ ಸಮ ಅರ್ಧ ಇಂಚು ಬಿಟ್ಟಿದ್ದರೆ, ಮೂಲೆಯಲ್ಲಿ ಹೊಲಿಗೆ ಎರಡು ಸಲ ಹಾದಿದ್ದರೆ, ಆ ಕೈಯನ್ನು ನಂಬಬಹುದು. ಫೋಮನ್ನು ನೀವೇ ತೂಕ ನೋಡಿ ತಂದುಕೊಡಿ.

ಕಾನೂನಿನ ಮಾತು ಚಿಕ್ಕದು. ಇದ್ದ ಸೀಟಿಗೆ ಹೊಸ ಫೋಮ್, ಹೊದಿಕೆ ಹಾಕಿಸಲು ಯಾರ ಅನುಮತಿಯೂ ಬೇಡ. ಸೀಟುಗಳ ಸಂಖ್ಯೆ ಅಥವಾ ವಾಹನದ ಸ್ವರೂಪ ನೋಂದಣಿ ಪತ್ರದಲ್ಲಿರುವುದಕ್ಕಿಂತ ಬೇರೆಯಾದರೆ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ವಾಹನದ ಮಾರ್ಪಾಡಿಗೆ ಸಂಬಂಧಿಸಿದ 52ನೇ ಕಲಂ ಅನ್ವಯಿಸುತ್ತದೆ. ಹಿಂದಿನ ಮಾಲೀಕರು ಮಾಡಿಸಿದ ಬದಲಾವಣೆ ಪತ್ರದಲ್ಲಿ ನಮೂದಾಗಿದೆಯೇ ಎಂದು ಗದಗದ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ಅದಾಗುವವರೆಗೆ ಆ ಸೀಟಿನ ಹೊದಿಕೆಗೆ ಹಣ ಹಾಕಬೇಡಿ. ವ್ಯಾನ್ ಓಡುವಾಗ ಹಾಸಿಗೆಯ ಮೇಲೆ ಯಾರೂ ಮಲಗಬಾರದು, ಮೊಮ್ಮಕ್ಕಳಂತೂ ಬೇಡವೇ ಬೇಡ. ಆ ಸೀಟಿಗೆ ಬೆಲ್ಟ್ ಹಾಕಿಸುವುದಾದರೆ ಪ್ಲೈವುಡ್ಡಿಗೆ ಬಿಗಿಸಿದ ಬೆಲ್ಟ್ ಯಾರನ್ನೂ ಹಿಡಿದಿಡದು. ವಾಹನದ ಕಬ್ಬಿಣದ ಮೈಗೇ, ಬಲ್ಲವರಿಂದಲೇ ಕೂಡಿಸಬೇಕು. ಹೊಸ ಹೊದಿಕೆ, ಕೌದಿ, ಜಮಖಾನೆ ಯಾವುದೂ ಬೆಲ್ಟಿನ ಬಕಲನ್ನು ಮುಚ್ಚಬಾರದು.

ಒಂದು ತಿಂಗಳು ಓಡಾಡಿದ ಮೇಲೆ ಸೀಟಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಬಟ್ಟೆ, ರೆಕ್ಸಿನ್ ಎರಡನ್ನೂ ಅರ್ಧ ಮೀಟರ್ ಹೆಚ್ಚಿಗೆ ತಂದು, ಮಡಿಸದೆ ಸುರುಳಿ ಸುತ್ತಿ ತೆಗೆದಿಡಿ. ಎರಡು ವರ್ಷದ ನಂತರ ಎಲ್ಲಾದರೂ ತೇಪೆ ಬೇಕಾದಾಗ ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ.